ಔಟಿಂಗ್‌ಗೆ ಬಂದ ಹೊಸಬರು ಎರಡನೇ ಸಲ ಯಾಕೆ ಬರುವುದಿಲ್ಲ?

ಪ್ರಶ್ನೆ: ನಮ್ಮದು ಚಿಕ್ಕ ಕ್ಯಾಮೆರಾ ಕ್ಲಬ್. ಲೆಕ್ಕಕ್ಕೆ 60 ಸದಸ್ಯರಿದ್ದಾರೆ. ಮೊದಲೆಲ್ಲ ತಿಂಗಳ ಔಟಿಂಗ್ ಅಂದರೆ 20-25 ಜನ ಬರುತ್ತಿದ್ದರು. ಈಗ ಆರೇಳು ಜನ ಬಂದರೆ ಹೆಚ್ಚು, ಅದೂ ಅದೇ ಹಳೇ ಮುಖಗಳು. ಹೊಸಬರು ಒಂದು ಸಲ ಬರುತ್ತಾರೆ, ಮತ್ತೆ ಪತ್ತೆಯೇ ಇಲ್ಲ. ಹೋದ ತಿಂಗಳು ಒಬ್ಬ ಯುವತಿ ಬಂದಿದ್ದರು, ತುಂಬಾ ಆಸಕ್ತಿ ಇತ್ತು. ಈ ಸಲ ಮೆಸೇಜ್ ಹಾಕಿದರೆ ಉತ್ತರವಿಲ್ಲ. ಜಾಗ ಚೆನ್ನಾಗಿಲ್ಲ, ದೂರದ ಟ್ರಿಪ್ ಹಾಕಬೇಕು ಅಂತ ಕೆಲವರು ಹೇಳುತ್ತಾರೆ. ಬರೀ ಫೋನ್ ಹಿಡಿದು ಬರುವವರನ್ನು ಸೇರಿಸಿಕೊಳ್ಳಬೇಕೋ ಬೇಡವೋ ಅನ್ನುವ ಜಗಳ ಬೇರೆ. ಮಳೆ ಬಂದರಂತೂ ಎಲ್ಲವೂ ರದ್ದು. ಈ ವರ್ಷ ಔಟಿಂಗ್ ಜವಾಬ್ದಾರಿ ನನ್ನ ಹೆಗಲಿಗೆ ಬಿದ್ದಿದೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಮೊದಲು ಜಾಗದ ಚಿಂತೆ ಬಿಡಿ. ಹದಿನೈದು ವರ್ಷಕ್ಕೂ ಜಾಸ್ತಿ ಕಾಲದಿಂದ ನಾನು ಫೋಟೋ ವಾಕ್, ಅಂದರೆ ಗುಂಪಾಗಿ ನಡೆಯುತ್ತಾ ಫೋಟೋ ತೆಗೆಯುವ ಔಟಿಂಗ್, ನಡೆಸುತ್ತಾ ಬಂದಿದ್ದೇನೆ. ಜಾಗ ಸರಿ ಇಲ್ಲ ಅಂತ ಕ್ಲಬ್ ಬಿಟ್ಟವರನ್ನು ಕಂಡ ನೆನಪಿಲ್ಲ. ಬಿಟ್ಟವರನ್ನು ಆಮೇಲೆ ಎಲ್ಲಾದರೂ ಸಿಕ್ಕಾಗ ಕೇಳಿದ್ದೇನೆ. ಹೆಚ್ಚಿನವರ ಕತೆ ಒಂದೇ. ಬಂದರು, ಎರಡು ಗಂಟೆ ಓಡಾಡಿದರು, ಯಾರೂ ಸರಿಯಾಗಿ ಮಾತಾಡಿಸಲಿಲ್ಲ, ತೆಗೆದ ಫೋಟೋವನ್ನು ಯಾರೂ ನೋಡಲಿಲ್ಲ, ಮನೆಗೆ ಹೋದರು. ಒಬ್ಬರೇ ಹೋಗಿದ್ದರೂ ಇಷ್ಟೇ ಆಗುತ್ತಿತ್ತು, ಅಲ್ವಾ? ಹಾಗಿರುವಾಗ ಭಾನುವಾರ ಬೆಳಗ್ಗೆ ಐದು ಗಂಟೆಗೆ ಎದ್ದು ನಿಮ್ಮ ಜೊತೆ ಬರೋಕೆ ಅವರಿಗೆ ಕಾರಣ ಏನಿದೆ?

ಅದಕ್ಕೆ ನನ್ನ ಮೊದಲ ಮಾತು ಇದು. ಕೊನೇ ಫೋಟೋ ತೆಗೆದಲ್ಲಿಗೆ ಔಟಿಂಗ್ ಮುಗಿಯಬಾರದು. ಎಲ್ಲರೂ ಒಂದು ಕಡೆ ಕೂತು, ಅವತ್ತೇ, ಅಲ್ಲೇ, ಒಬ್ಬರ ಫೋಟೋ ಇನ್ನೊಬ್ಬರು ನೋಡಬೇಕು. ನೀವು ಬೇರೆ ಏನನ್ನೂ ಬದಲಾಯಿಸದೆ ಇದೊಂದನ್ನು ಮಾಡಿದರೂ ಹೊಸಬರು ಮತ್ತೆ ಬರುತ್ತಾರೆ ಅನ್ನೋ ನಂಬಿಕೆ ನನಗಿದೆ. ಎರಡು ಗಂಟೆ ನಡಿಗೆ ಇಟ್ಟುಕೊಂಡರೆ ಮುಕ್ಕಾಲು ಗಂಟೆ ಕೂರೋದಕ್ಕೆ ಬಿಡಿ. ಮಾರ್ಗ ಗೊತ್ತು ಮಾಡುವಾಗ ಎಲ್ಲಿ ನಡೆಯೋದು ಅನ್ನೋದಕ್ಕಿಂತ ಮೊದಲು ಎಲ್ಲಿ ಕೂರೋದು ಅಂತ ನೋಡಿ. ನೆರಳು ಇರಬೇಕು, ಬಿಸಿಲಲ್ಲಿ ಕ್ಯಾಮೆರಾ ಸ್ಕ್ರೀನ್ ಕಾಣುವುದಿಲ್ಲ. ಯಾರೂ ಎದ್ದು ಹೋಗಿ ಅನ್ನಬಾರದು. ಹತ್ತು ಜನ ಒಬ್ಬರ ಮುಖ ಒಬ್ಬರು ನೋಡುವ ಹಾಗೆ ಕೂರಲು ಆಗಬೇಕು.

ಇದು ನನಗೆ ಅರ್ಥವಾದದ್ದು ಒಂದು ಬೆಳಗ್ಗೆ. ಹಳೇ ಅಂಗಡಿ ಬೀದಿಯಲ್ಲಿ ವಾಕ್ ಮುಗಿಸಿ ಕಟ್ಟೆಯ ಮೇಲೆ ಕೂತಿದ್ದೆವು. ಅವತ್ತೇ ಮೊದಲ ಸಲ ಬಂದಿದ್ದ ಒಬ್ಬರು ಒಂದು ಪಕ್ಕ ಸುಮ್ಮನೆ ನಿಂತಿದ್ದರು. ಕೈಯಲ್ಲಿ ಹಳೇ ಕ್ಯಾಮೆರಾ, ಅದರ ಜೊತೆಗೆ ಬಂದ ಲೆನ್ಸೇ. ನೀವೂ ತೋರಿಸಿ ಅಂತ ಕರೆದಾಗ, ಏನಿಲ್ಲ ಸರ್, ಸುಮ್ನೆ ತೆಗೆದಿದ್ದು ಅಂದರು. ಬಲವಂತ ಮಾಡಿ ಇಸ್ಕೊಂಡೆವು. ಒಂದು ಅಂಗಡಿಯ ರೋಲಿಂಗ್ ಶಟರ್, ಮೊಣಕಾಲಿನ ಎತ್ತರದವರೆಗೆ ಮಾತ್ರ ಎತ್ತಿದೆ. ಅದರ ಕೆಳಗೆ ಎರಡು ಬರಿಗಾಲು, ಒಂದು ಪೊರಕೆ. ಒಳಗಿನ ದೀಪದ ಬೆಳಕು ನೆಲದ ಮೇಲೆ ಹಾಸಿ, ಪೊರಕೆ ಕಡ್ಡಿಯ ನೆರಳು ಒಂದೊಂದಾಗಿ ಹೊರಗಿನ ಕಲ್ಲಿನವರೆಗೂ ಚಾಚಿತ್ತು. ಅಷ್ಟೇ ಚಿತ್ರ. ಅದೇ ಶಟರ್ ಮುಂದೆ ನಾವೆಲ್ಲ ಹಾದು ಹೋಗಿದ್ದೆವು. ನಮ್ಮ ಹಿರಿಯ ಸದಸ್ಯರೊಬ್ಬರು ಆ ಕ್ಯಾಮೆರಾ ಕೈಗೆ ತಗೊಂಡು, ಕನ್ನಡಕ ಹಣೆಗೇರಿಸಿ, ಚಿತ್ರ ದೊಡ್ಡದು ಮಾಡಿ ಎಷ್ಟೋ ಹೊತ್ತು ನೋಡಿದರು. ಆಮೇಲೆ, ಈ ನೆರಳು ನಿಮಗೆ ಮೊದಲೇ ಕಂಡಿತ್ತಾ, ಇಲ್ಲಾ ತೆಗೆದ ಮೇಲೆ ಕಂಡಿತಾ ಅಂತ ಕೇಳಿದರು. ಆ ಪ್ರಶ್ನೆಗೆ ಆ ಹೊಸಬರ ಮುಖ ಬದಲಾದದ್ದು ನನಗೆ ಇವತ್ತಿಗೂ ನೆನಪಿದೆ. ಇಪ್ಪತ್ತು ನಿಮಿಷ ಮಾತಾಡಿದರು. ಆಮೇಲೆ ಒಂದು ಔಟಿಂಗ್ ಕೂಡ ತಪ್ಪಿಸಲಿಲ್ಲ. ಈಗ ವಾಕ್ ನಡೆಸುವವರಲ್ಲಿ ಅವರೂ ಒಬ್ಬರು.

ಕೂತು ನೋಡೋದಕ್ಕೆ ಒಂದು ಕ್ರಮ ಇಟ್ಟುಕೊಳ್ಳಿ, ಇಲ್ಲದಿದ್ದರೆ ಇಬ್ಬರು ಮೂವರೇ ಮಾತಾಡಿ ಎದ್ದು ಬಿಡುತ್ತಾರೆ. ತಲಾ ಮೂರು ಫೋಟೋ, ಅದಕ್ಕಿಂತ ಒಂದೂ ಹೆಚ್ಚಿಲ್ಲ. ಮೂರನ್ನು ಆರಿಸೋದೇ ಅರ್ಧ ಪಾಠ. ತೆಗೆದವರು ಮೊದಲು ಏನೂ ಹೇಳಬಾರದು. ನೋಡಿದವರು ತಮಗೆ ಏನು ಕಂಡಿತು ಅಂತ ಹೇಳಬೇಕು. ಕಣ್ಣು ಮೊದಲು ಎಲ್ಲಿಗೆ ಹೋಯಿತು, ಆಮೇಲೆ ಎಲ್ಲಿಗೆ, ಎಲ್ಲಿ ಸಿಕ್ಕಿಕೊಂಡಿತು. ಅದಾದ ಮೇಲೆ ತೆಗೆದವರ ಮಾತು. ಸೂಪರ್, ಸಖತ್ ಅನ್ನೋದು ಮಾತಿನ ಲೆಕ್ಕಕ್ಕೆ ಬೇಡ. ಹಾಗೇ ಹಾರಿಜಾನ್ ಓರೆ, ಎಡಕ್ಕೆ ಸ್ವಲ್ಪ ಕ್ರಾಪ್ ಮಾಡಿ ಅಂತ ಮೊದಲ ಉಸಿರಿಗೇ ತಿದ್ದುವುದೂ ಬೇಡ. ಹೊಸಬರಿಗೆ ತಮ್ಮ ಫೋಟೋ ಇನ್ನೊಬ್ಬರ ಕಣ್ಣಿಗೆ ಹೇಗೆ ಕಾಣುತ್ತದೆ ಅನ್ನೋದು ಬೇಕು. ತಿದ್ದುಪಡಿ ಕೇಳಿದರೆ ಕೊಡಿ. ಮೊದಲ ಸರದಿ ಹಿರಿಯರದ್ದೇ ಇರಲಿ, ಅದರಲ್ಲೂ ಕೈಕೊಟ್ಟ ಒಂದು ಫೋಟೋ ಅವರು ತೋರಿಸಲಿ. ಇಲ್ಲಿ ನಾನು ಅರ್ಧ ಸೆಕೆಂಡು ತಡ ಮಾಡಿದೆ ಅಂತ ಹಿರಿಯರ ಬಾಯಲ್ಲಿ ಕೇಳಿದ ಮೇಲೆ ಹೊಸಬರ ಕೈಯಿಂದ ಕ್ಯಾಮೆರಾ ತಾನಾಗೇ ಮುಂದೆ ಬರುತ್ತದೆ.

ಇನ್ನು ಶುರುವಿನ ಹದಿನೈದು ನಿಮಿಷ. ಎಲ್ಲರೂ ಬಂದು ಸೇರುವ ಹೊತ್ತಿಗೆ ಹಳಬರು ಒಂದು ಗುಂಪು ಕಟ್ಟಿಕೊಂಡು ಹೋದ ಟ್ರಿಪ್ ಮಾತು, ಹೊಸ ಲೆನ್ಸ್ ಮಾತು ಶುರು ಮಾಡಿರುತ್ತಾರೆ. ಹೊಸಬರು ಎರಡು ಹೆಜ್ಜೆ ದೂರದಲ್ಲಿ ಬ್ಯಾಗ್ ಜಿಪ್ ಎಳೆಯುತ್ತಾ, ಫೋನ್ ನೋಡುತ್ತಾ ನಿಂತಿರುತ್ತಾರೆ. ಹಳಬರಿಗೆ ಇದರಲ್ಲಿ ಕೆಟ್ಟ ಮನಸ್ಸೇನಿಲ್ಲ, ತಿಂಗಳಿಗೊಮ್ಮೆ ಸಿಗುವ ಸ್ನೇಹಿತರು, ಮಾತು ಬಂದೇ ಬರುತ್ತದೆ. ಆದರೆ ದೂರ ನಿಂತವರಿಗೆ ಅದು ಮುಚ್ಚಿದ ಬಾಗಿಲಿನ ಹಾಗೆ ಕಾಣುತ್ತದೆ. ಹಾಗಾಗಿ ಹಿಂದಿನ ದಿನವೇ ಯಾವ ಹೊಸಬರಿಗೆ ಯಾವ ಹಳಬರು ಜೊತೆ ಅಂತ ಗೊತ್ತು ಮಾಡಿ, ಇಬ್ಬರಿಗೂ ತಿಳಿಸಿ. ಜೊತೆ ಅಂದರೆ ಪಾಠ ಮಾಡೋದಲ್ಲ. ಹೆಸರು ಕೇಳೋದು, ಕ್ಯಾಮೆರಾದಲ್ಲಿ ಏನಾದರೂ ತೊಡಕಿದ್ದರೆ ಬಿಡಿಸೋದು, ನಡುನಡುವೆ ಏನು ಸಿಕ್ಕಿತು ಅಂತ ಕೇಳೋದು, ಕೊನೆಗೆ ಕೂರುವಾಗ ಪಕ್ಕದಲ್ಲಿ ಜಾಗ ಇಡೋದು. ತುಂಬಾ ನಾಚಿಕೆ ಇರುವ ಹೊಸಬರು ಒಬ್ಬರೇ ಅಡ್ಡಾಡಲು ಇಷ್ಟಪಟ್ಟರೆ ಬಿಟ್ಟುಬಿಡಿ. ಕಣ್ಣಳತೆಯಲ್ಲಿ ಇದ್ದರೆ ಸಾಕು.

ಹೊಸಬರಿಗೆ ಮೊದಲ ದಿನ ಸೆಟಿಂಗ್ ಬಗ್ಗೆ ದೊಡ್ಡ ಉಪನ್ಯಾಸ ಬೇಡ. ಬೀದಿಯಲ್ಲಿ ನಡೆಯುವಾಗ ಅಪರ್ಚರ್ ಪ್ರಿಯಾರಿಟಿ (ಲೆನ್ಸಿನೊಳಗೆ ಬೆಳಕು ಬರುವ ರಂಧ್ರದ ಅಳತೆಯನ್ನು ನಾವು ಹೊಂದಿಸುವ ಮೋಡ್), ಆ ಅಳತೆ ಎಫ್ 8, ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) ಆಟೋ, ಶಟರ್ ಸ್ಪೀಡ್ (ಶಟರ್ ತೆರೆದಿರುವ ಹೊತ್ತು) ಸೆಕೆಂಡಿನ 1/250ಕ್ಕಿಂತ ನಿಧಾನ ಆಗದ ಹಾಗೆ ಮಿತಿ. ಇಷ್ಟು ಹಾಕಿ ಕೊಟ್ಟರೆ ಅವರ ಕಣ್ಣು ಮೆನುವಿನಿಂದ ಬೀದಿಗೆ ಬರುತ್ತದೆ. ಬೆಳಕು ಕಡಿಮೆ ಇದ್ದರೆ ಅಪರ್ಚರ್ ಅನ್ನು ಅವರೇ ಇನ್ನಷ್ಟು ತೆರೆದುಕೊಳ್ಳಲಿ. ಉಳಿದದ್ದು ಎರಡನೇ, ಮೂರನೇ ವಾಕ್‌ಗೆ.

ಎಷ್ಟು ಜನ ಅನ್ನೋ ಲೆಕ್ಕಕ್ಕೆ ಬರೋಣ. 25 ಜನ ಬರುತ್ತಿದ್ದ ಕಾಲ ನಿಮಗೆ ಚೆನ್ನಾಗಿತ್ತು ಅನಿಸುತ್ತಿದೆ. ನನಗೆ ಹಾಗೆ ಅನಿಸುವುದಿಲ್ಲ. 25 ಜನ ಒಂದೇ ಬೀದಿಗೆ ಇಳಿದರೆ ಅದು ಮೆರವಣಿಗೆ. ಬೀದಿ ತನ್ನ ಪಾಡಿಗೆ ತಾನಿರುವುದನ್ನು ನಿಲ್ಲಿಸಿ ನಿಮ್ಮನ್ನು ನೋಡೋಕೆ ಶುರು ಮಾಡುತ್ತದೆ. ನನ್ನ ಅನುಭವದಲ್ಲಿ ಎಂಟರಿಂದ ಹತ್ತು ಜನಕ್ಕೆ ಒಬ್ಬ ಮುಂದಾಳು ಸರಿ. ಹನ್ನೆರಡು ದಾಟಿದರೆ ಎರಡು ಗುಂಪು ಮಾಡಿ, ಬೇರೆ ಬೇರೆ ದಿಕ್ಕಿನಿಂದ ಹೊರಟು ಕೂರುವ ಜಾಗದಲ್ಲಿ ಸೇರಿ. ಮುಂದೆ ಒಬ್ಬರು ಇದ್ದ ಹಾಗೆ ಹಿಂದೆಯೂ ಒಬ್ಬರು ಇರಲಿ. ಫೋಟೋ ತೆಗೆಯುವವರು ಗಂಟೆಗೆ ಒಂದು ಕಿಲೋಮೀಟರ್ ದಾಟಿದರೆ ಅದೇ ಹೆಚ್ಚು. ಯಾರೋ ಒಬ್ಬರು ಯಾವುದೋ ಗೋಡೆಗೆ ಅಂಟಿಕೊಂಡು ನಿಂತೇ ಬಿಡುತ್ತಾರೆ. ಹಿಂದಿನವರು ಅವರನ್ನು ಅವಸರ ಮಾಡದೆ ಕಾಯಬೇಕು. ಎರಡು ಗಂಟೆಗೆ ಎರಡು ಕಿಲೋಮೀಟರ್ ಮಾರ್ಗ ಧಾರಾಳ ಸಾಕು.

ಆ ಮಾರ್ಗವನ್ನು ಒಂದು ವಾರ ಮೊದಲು, ಅದೇ ಹೊತ್ತಿಗೆ, ನೀವೇ ಹೋಗಿ ನಡೆದು ಬನ್ನಿ. ಅದೇ ಹೊತ್ತು ಅನ್ನೋದು ಮುಖ್ಯ. ಮಧ್ಯಾಹ್ನ ನೋಡಿದ ಬೀದಿ ಬೆಳಗ್ಗೆ ಅದೇ ಬೀದಿಯಾಗಿರುವುದಿಲ್ಲ. ಬೆಳಕು ಯಾವ ಕಡೆಯಿಂದ ಬರುತ್ತದೆ, ಯಾವ ಗೋಡೆಗೆ ಎಷ್ಟು ಹೊತ್ತಿಗೆ ಬೀಳುತ್ತದೆ, ಶೌಚಾಲಯ ಎಲ್ಲಿದೆ, ಮೆಟ್ಟಿಲು ಹತ್ತಲು ಆಗದವರಿಗೆ ಬೇರೆ ದಾರಿ ಇದೆಯಾ, ಯಾವ ಕಟ್ಟಡದ ಮುಂದೆ ಫೋಟೋ ನಿಷೇಧ, ಟ್ರೈಪಾಡ್ ಇಟ್ಟರೆ ಅನುಮತಿ ಕೇಳುತ್ತಾರಾ, ಇದನ್ನೆಲ್ಲ ಅಲ್ಲೇ ನೋಡಿಕೊಳ್ಳಿ. ಅನುಮತಿಯ ನಿಯಮ ಒಂದೊಂದು ಕಡೆ ಒಂದೊಂದು ಥರ ಇರುತ್ತದೆ. ಹತ್ತು ಜನರನ್ನು ಕರೆದುಕೊಂಡು ಹೋಗಿ ಗೇಟಿನ ಮುಂದೆ ವಾದ ಮಾಡುವುದಕ್ಕಿಂತ ಮೊದಲೇ ವಿಚಾರಿಸೋದು ಲೇಸು.

ಬೆಳಕಿನ ಸಮಯದ ಬಗ್ಗೆ ಒಂದು ಮಾತು. ಸೂರ್ಯ ಹುಟ್ಟುವ, ಮುಳುಗುವ ಹೊತ್ತಿನ ಹೊಂಬೆಳಕಿಗೆ ಎಲ್ಲರೂ ಗೋಲ್ಡನ್ ಅವರ್ ಅನ್ನುತ್ತಾರೆ, ಅವರ್ ಅಂದ ಮೇಲೆ ಒಂದು ಗಂಟೆ ಇರುತ್ತದೆ ಅಂದುಕೊಂಡು ನಿಧಾನ ಬರುತ್ತಾರೆ. ಸಾಮಾನ್ಯವಾಗಿ ಸೂರ್ಯ ದಿಗಂತದಿಂದ 6 ಡಿಗ್ರಿ ಮೇಲಿನಿಂದ 4 ಡಿಗ್ರಿ ಕೆಳಗಿನವರೆಗೆ ಇರುವ ಹೊತ್ತನ್ನು ಹಾಗೆ ಕರೆಯುತ್ತಾರೆ. ಇನ್ನೂ ಕೆಳಗೆ, 4ರಿಂದ 6 ಡಿಗ್ರಿ, ಅದು ಆಕಾಶ ಗಾಢ ನೀಲಿಯಾಗುವ ಬ್ಲೂ ಅವರ್. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ. ಭೂಮಧ್ಯರೇಖೆಯ ಹತ್ತಿರ ಸೂರ್ಯ ಹೆಚ್ಚುಕಡಿಮೆ ನೇರವಾಗಿ ಮೇಲೇರುವುದರಿಂದ ಹುಟ್ಟಿದ 25 ನಿಮಿಷದಲ್ಲಿ ಆ 6 ಡಿಗ್ರಿ ಮುಗಿದೇ ಹೋಗುತ್ತದೆ. ಧ್ರುವದ ಕಡೆ ಹೋದಷ್ಟೂ ಸೂರ್ಯ ಓರೆಯಾಗಿ ಏರುತ್ತಾನೆ, ಅದೇ ಬೆಳಕು ತುಂಬಾ ಹೊತ್ತು ನಿಲ್ಲುತ್ತದೆ. ನೀವು ಇರುವ ಜಾಗಕ್ಕೆ ಆ ದಿನದ ಸಮಯ ಎಷ್ಟು ಅಂತ ಫೋನ್‌ನಲ್ಲೇ ನೋಡಿಕೊಂಡು, ಸೂರ್ಯ ಹುಟ್ಟುವುದಕ್ಕೆ 20 ನಿಮಿಷ ಮೊದಲೇ ಎಲ್ಲರೂ ಸೇರಿರುವ ಹಾಗೆ ಹೇಳಿ. ಸೇರುವ ಸಮಯ, ಹೊರಡುವ ಸಮಯ ಎರಡನ್ನೂ ಬೇರೆ ಬೇರೆ ಬರೆಯಿರಿ. 5:50ಕ್ಕೆ ಸೇರೋದು, 6:05ಕ್ಕೆ ಹೊರಡೋದು ಅಂದರೆ 6:05ಕ್ಕೆ ಹೊರಡಿ. ತಡವಾಗಿ ಬಂದವರು ಎಲ್ಲಿ ಸೇರಿಕೊಳ್ಳಬಹುದು ಅಂತ ಮೊದಲೇ ತಿಳಿಸಿದ್ದರೆ ಯಾರಿಗೂ ಬೇಜಾರಾಗುವುದಿಲ್ಲ.

ಪ್ರತಿ ವಾಕ್‌ಗೂ ಒಂದೇ ಒಂದು ಕೆಲಸ ಕೊಡಿ. ಹೋಗಿ, ಏನು ಬೇಕಾದರೂ ತೆಗೆಯಿರಿ ಅಂದರೆ ಹೊಸಬರಿಗೆ ಕೈ ಕಟ್ಟಿದ ಹಾಗಾಗುತ್ತದೆ. ಇವತ್ತು ಪ್ರತಿಬಿಂಬ ಮಾತ್ರ, ಇವತ್ತು ಒಂದೇ ಫೋಕಲ್ ಲೆಂತ್ (ಲೆನ್ಸ್ ಎಷ್ಟು ಅಗಲ ನೋಡುತ್ತದೆ ಅನ್ನೋದನ್ನು ಹೇಳುವ ಅಳತೆ), 35 ಅಥವಾ 50 ಎಂಎಂ, ಜೂಮ್ ರಿಂಗ್‌ಗೆ ಟೇಪ್ ಹಚ್ಚಿ. ಇವತ್ತು 1/30 ಸೆಕೆಂಡಿನಲ್ಲಿ ಓಡುವ ಸೈಕಲ್ ಜೊತೆ ಕ್ಯಾಮೆರಾ ತಿರುಗಿಸಿ, ಇದಕ್ಕೆ ಪ್ಯಾನಿಂಗ್ ಅನ್ನುತ್ತಾರೆ. ಇಂಥ ಮಿತಿಗಳು ಎಲ್ಲರನ್ನೂ ಒಂದೇ ಸಾಲಿಗೆ ತರುತ್ತವೆ. ಇಪ್ಪತ್ತು ವರ್ಷದ ಅನುಭವದವರಿಗೂ ಪ್ಯಾನಿಂಗ್ ಹತ್ತರಲ್ಲಿ ಒಂದು ಸರಿಯಾಗಿ ಬಂದರೆ ದೊಡ್ಡದು. ನನಗೆ ತುಂಬಾ ಇಷ್ಟವಾದದ್ದು ಫಿಲಂ ರೋಲ್ ಆಟ. ಒಟ್ಟು 36 ಫ್ರೇಮ್, ಅಳಿಸುವ ಹಾಗಿಲ್ಲ, ನಡುವೆ ಸ್ಕ್ರೀನ್ ನೋಡುವ ಹಾಗಿಲ್ಲ. 1925ರಲ್ಲಿ ಜರ್ಮನಿಯ ಚಿಕ್ಕ ಕ್ಯಾಮೆರಾ ಲೈಕಾ ಮಾರುಕಟ್ಟೆಗೆ ಬಂದ ಮೇಲೆ 35 ಎಂಎಂ ಫಿಲಂ ರೋಲ್‌ನ 36 ಫ್ರೇಮ್ ಅನ್ನೋದು ಎಷ್ಟೋ ತಲೆಮಾರಿನ ಫೋಟೋಗ್ರಾಫರ್‌ಗಳ ಕೈಯ ಅಳತೆಯೇ ಆಗಿತ್ತು. ಅದಕ್ಕೂ ಹಿಂದಿನ ಕಾಲದ ಕ್ಲಬ್ಬುಗಳವರು ಗಾಜಿನ ಪ್ಲೇಟ್ ಹೊತ್ತು ಔಟಿಂಗ್ ಹೋಗುತ್ತಿದ್ದರು. ಒಂದು ದಿನಕ್ಕೆ ಬೆರಳೆಣಿಕೆಯಷ್ಟು ಪ್ಲೇಟ್. ಲಂಡನ್ನಿನಲ್ಲಿ ಈಗಿನ ರಾಯಲ್ ಫೋಟೋಗ್ರಾಫಿಕ್ ಸೊಸೈಟಿ ಹುಟ್ಟಿದ್ದು 1853ರಲ್ಲಿ. ಆದರೆ ಜನಸಾಮಾನ್ಯರ ಕೈಗೆ ಕ್ಯಾಮೆರಾ ಬರಲು ದಾರಿಯಾಗಿದ್ದು 1888ರ ಕೊಡಾಕ್‌ನಿಂದ. ಅದರಲ್ಲಿ 100 ಫೋಟೋಗೆ ಆಗುವಷ್ಟು ಫಿಲಂ ತುಂಬಿ ಬರುತ್ತಿತ್ತು, ಮುಗಿದ ಮೇಲೆ ಕ್ಯಾಮೆರಾವನ್ನೇ ಕಾರ್ಖಾನೆಗೆ ಕಳಿಸಬೇಕಿತ್ತು. ನಮ್ಮ ಕಾರ್ಡಿನಲ್ಲಿ ಎರಡು ಸಾವಿರ ಫೋಟೋ ಹಿಡಿಯುತ್ತವೆ. ಒಂದು ಬೆಳಗ್ಗೆ 36ಕ್ಕೆ ನಿಲ್ಲಿಸಿ ನೋಡಿ. 20ನೇ ಫ್ರೇಮ್ ದಾಟಿದ ಮೇಲೆ ಗುಂಪು ತಾನಾಗೇ ನಿಶ್ಶಬ್ದ ಆಗುತ್ತದೆ. ಎಲ್ಲರೂ ನಿಂತು ನೋಡೋಕೆ ಶುರು ಮಾಡಿರುತ್ತಾರೆ.

ಫೋನ್ ಹಿಡಿದು ಬರುವವರನ್ನು ಸೇರಿಸಿಕೊಳ್ಳಿ. ಇದರಲ್ಲಿ ಎರಡು ಮಾತಿಲ್ಲ. ಮೇಲೆ ಹೇಳಿದ ಯಾವ ಕೆಲಸವನ್ನೂ ಫೋನ್‌ನಲ್ಲಿ ಮಾಡಬಹುದು, ನಿಧಾನ ಶಟರ್‌ನ ಪ್ಯಾನಿಂಗ್ ಒಂದು ಸ್ವಲ್ಪ ಕಷ್ಟ. ಅವರಿಗೆ ಹೇಳಬೇಕಾದ್ದು ಮೂರು ವಿಷಯ ಅಷ್ಟೇ. ಲೆನ್ಸ್ ಒರೆಸಿಕೊಳ್ಳಿ, ಅರ್ಧ ಫೋನ್‌ಗಳ ಫೋಟೋ ಮಬ್ಬಾಗೋದು ಬೆರಳಿನ ಜಿಡ್ಡಿನಿಂದ. ಬೆರಳಲ್ಲಿ ಜೂಮ್ ಎಳೆಯುವ ಬದಲು ಎರಡು ಹೆಜ್ಜೆ ಮುಂದೆ ಹೋಗಿ. ಸ್ಕ್ರೀನ್ ಮೇಲೆ ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ, ಬೆಳಕನ್ನು ಸ್ವಲ್ಪ ಇಳಿಸಿ. ಕ್ಲಬ್ಬಿಗೆ ಫೋನ್‌ನಲ್ಲಿ ಬಂದವರು ಒಂದೆರಡು ವರ್ಷದಲ್ಲಿ ಕ್ಯಾಮೆರಾ ತಗೊಂಡದ್ದನ್ನೂ ನೋಡಿದ್ದೇನೆ, ಫೋನ್‌ನಲ್ಲೇ ಉಳಿದು ನಮಗೆಲ್ಲ ನೋಡೋದು ಕಲಿಸಿದವರನ್ನೂ ನೋಡಿದ್ದೇನೆ. ಹಾಗೇ ಔಟಿಂಗ್‌ನಲ್ಲಿ ಸಲಕರಣೆ ಮಾತು ಜಾಸ್ತಿ ಆಗದ ಹಾಗೆ ನೋಡಿಕೊಳ್ಳಿ. ಯಾವ ಬಾಡಿ, ಯಾವ ಲೆನ್ಸ್, ಎಷ್ಟು ಕೊಟ್ಟಿರಿ ಅನ್ನೋದು ಮೊದಲ ಪ್ರಶ್ನೆ ಆದಾಗ ಕಡಿಮೆ ಬೆಲೆಯ ಕ್ಯಾಮೆರಾ ಹಿಡಿದವರು ಅದನ್ನು ಬ್ಯಾಗಿನೊಳಗೆ ಇಟ್ಟುಬಿಡುತ್ತಾರೆ. ಬೇಕಿದ್ದರೆ ಲೆನ್ಸ್ ಅದಲುಬದಲು ಮಾಡಿಕೊಳ್ಳುವ ಒಂದು ದಿನವನ್ನೇ ಇಡಿ, ಅದು ತುಂಬಾ ಖುಷಿಯ ದಿನ ಆಗುತ್ತದೆ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ವಿಷಯ, ಬೀದಿಯಲ್ಲಿರುವ ಜನ. ವರ್ಷಗಳ ಹಿಂದೆ ನಾನು ನಡೆಸಿದ ಒಂದು ವಾಕ್‌ನಲ್ಲಿ ಕೊಡೆ ರಿಪೇರಿ ಮಾಡುವ ಒಬ್ಬ ಅಜ್ಜ ರಸ್ತೆ ಬದಿ ಕೂತಿದ್ದರು. ತೊಡೆಯ ಮೇಲೆ ಬಿಚ್ಚಿದ ಕೊಡೆ, ಹಲ್ಲಲ್ಲಿ ಕಚ್ಚಿ ಹಿಡಿದ ದಾರ. ಬೆಳಕು ಹಿಂದಿನಿಂದ ಬಂದು ಕೊಡೆಯ ಬಟ್ಟೆ ದೀಪದ ಹಾಗೆ ಹೊಳೆಯುತ್ತಿತ್ತು. ಒಬ್ಬರು ನಿಂತರು, ಇಬ್ಬರು ನಿಂತರು, ಎರಡು ನಿಮಿಷದಲ್ಲಿ ಹದಿನಾಲ್ಕು ಕ್ಯಾಮೆರಾ ಸುತ್ತುವರಿದವು. ಒಬ್ಬರು ಮಂಡಿಯೂರಿ ಮುಖಕ್ಕೆ ಒಂದು ಅಡಿ ಹತ್ತಿರ ಲೆನ್ಸ್ ಹಿಡಿದರು. ಅಜ್ಜ ದಾರವನ್ನು ಬಾಯಿಂದ ತೆಗೆದು, ಕೊಡೆ ಮಡಚಿ, ಅದನ್ನು ಮುಖಕ್ಕೆ ಅಡ್ಡ ಹಿಡಿದು ಕೂತರು. ನಾವು ಹೋಗುವವರೆಗೂ ಇಳಿಸಲಿಲ್ಲ. ಅವರ ಕೆಲಸವನ್ನು ನಾವು ನಿಲ್ಲಿಸಿದ್ದೆವು. ತಪ್ಪು ನನ್ನದೇ, ಹೊರಡುವ ಮೊದಲು ನಾನು ಒಂದು ಮಾತೂ ಹೇಳಿರಲಿಲ್ಲ.

ಆವತ್ತಿನಿಂದ ಪ್ರತಿ ಸಲ ಹೊರಡುವ ಮೊದಲು ಹೇಳುತ್ತೇನೆ. ಒಬ್ಬ ವ್ಯಕ್ತಿಯ ಎದುರು ಒಂದು ಸಲಕ್ಕೆ ಒಬ್ಬರೇ. ಬೇರೆಯವರು ಆಗಲೇ ನಿಂತಿದ್ದರೆ ಮುಂದೆ ಹೋಗಿ, ಬೇರೆ ಏನಾದರೂ ಸಿಗುತ್ತದೆ. ಹತ್ತಿರದಿಂದ ಮುಖ ತೆಗೆಯುವುದಾದರೆ ಕೇಳಿ, ಮಾತು ಬೇಕಿಲ್ಲ, ಕ್ಯಾಮೆರಾ ತೋರಿಸಿ ಹುಬ್ಬೆತ್ತಿದರೂ ಸಾಕು. ಬೇಡ ಅಂದರೆ ನಗುತ್ತಾ ಕೈ ಮುಗಿದು ಮುಂದೆ ಹೋಗಿ. ತೆಗೆದದ್ದನ್ನು ತೋರಿಸಿ, ಅಳಿಸಿ ಅಂದರೆ ಅವರ ಎದುರೇ ಅಳಿಸಿ. ಮಕ್ಕಳಾದರೆ ದೊಡ್ಡವರನ್ನು ಕೇಳದೆ ಬೇಡ. ಕುಡಿದು ಬಿದ್ದವರು, ನಿದ್ದೆಯಲ್ಲಿರುವವರು, ಅಳುತ್ತಿರುವವರು ಬೇಡವೇ ಬೇಡ. ಇದಕ್ಕೆ ವಾದ ಮಾಡುವವರು ಇದ್ದೇ ಇರುತ್ತಾರೆ. ಕೇಳಿದರೆ ಸಹಜತೆ ಹೋಗುತ್ತದೆ, ಹೆಸರಾಂತ ಬೀದಿ ಫೋಟೋಗ್ರಾಫರ್‌ಗಳು ಕೇಳಿ ತೆಗೆದರಾ ಅನ್ನುತ್ತಾರೆ. ಅಂಥವರಲ್ಲಿ ಒಬ್ಬರಾದ ಫ್ರಾನ್ಸಿನ ಅನ್ರಿ ಕಾರ್ಟಿಯೆ ಬ್ರೆಸೋನ್ ಕೈಯಲ್ಲಿದ್ದದ್ದು ಚಿಕ್ಕ ಕ್ಯಾಮೆರಾ, ಹೆಚ್ಚಾಗಿ 50 ಎಂಎಂ ಲೆನ್ಸ್, ಮತ್ತು ಅವರು ಹತ್ತು ಜನರ ಗುಂಪಿನಲ್ಲಿ ಹೋಗುತ್ತಿರಲಿಲ್ಲ. ಒಬ್ಬರು ಹಾದು ಹೋಗುತ್ತಾ ಒಂದು ಕ್ಲಿಕ್ ಮಾಡೋದೇ ಬೇರೆ, ಗುಂಪಾಗಿ ಮೇಲೆ ಬೀಳೋದೇ ಬೇರೆ. ಫೋಟೋ ಚೆನ್ನಾಗಿ ಬಂದರೆ ಒಂದು ಪ್ರಿಂಟ್ ಹಾಕಿಸಿ ಮುಂದಿನ ಸಲ ಅದೇ ಬೀದಿಗೆ ಹೋದಾಗ ಕೊಡಿ. ಪ್ರಿಂಟ್ ಹಿಡಿದು ಹೋದ ದಿನ ಆ ಬೀದಿ ನಿಮ್ಮನ್ನು ಬರಮಾಡಿಕೊಳ್ಳುವ ರೀತಿಯೇ ಬೇರೆ ಇರುತ್ತದೆ. ಅದೇ ಥರ ಹಕ್ಕಿ ಗೂಡಿನ ಹತ್ತಿರ ಗುಂಪಾಗಿ ಹೋಗಬೇಡಿ. ಹೆದರಿದ ತಾಯಿ ಹಕ್ಕಿ ಗೂಡು ಬಿಟ್ಟರೆ ಮೊಟ್ಟೆ, ಮರಿ ಎರಡೂ ಹೋದವು.

ದೂರದ ಟ್ರಿಪ್ ಹಾಕಿ ಅನ್ನುವವರಿಗೆ ವರ್ಷಕ್ಕೆ ಒಂದೋ ಎರಡೋ ಇಡಿ. ಅದರಲ್ಲಿ ತಪ್ಪಿಲ್ಲ. ರಾತ್ರಿ ಒಟ್ಟಿಗೆ ಉಳಿದಾಗ ಬೆಳೆಯುವ ಸ್ನೇಹವೇ ಬೇರೆ. ಆದರೆ ಅದು ಕ್ಲಬ್ಬಿನ ಉಸಿರಾಗಬಾರದು. ಐದು ಗಂಟೆ ಗಾಡಿಯಲ್ಲಿ ಕೂತು ಒಂದು ಗಂಟೆ ಫೋಟೋ ತೆಗೆಯೋದು, ಖರ್ಚು ಜಾಸ್ತಿ, ರಜೆ ಬೇಕು, ಮನೆಯಲ್ಲಿ ಚಿಕ್ಕ ಮಕ್ಕಳಿರುವವರು ಬರೋಕಾಗಲ್ಲ. ಆಮೇಲೆ ಹೋಗಲು ಆದವರ ಒಂದು ಕ್ಲಬ್, ಆಗದವರ ಒಂದು ಕ್ಲಬ್ ಅಂತ ಎರಡಾಗುತ್ತದೆ. ಹೋಗುವುದಾದರೆ ಖರ್ಚಿನ ಲೆಕ್ಕ ಹೊರಡುವ ಮೊದಲೇ ಎಲ್ಲರ ಮುಂದೆ ಇಡಿ, ಬಂದ ಮೇಲೆ ಮೂರು ದಿನದೊಳಗೆ ಪೂರ್ತಿ ಲೆಕ್ಕ ಕೊಡಿ. ಕ್ಲಬ್ ಒಡೆಯೋದು ಹೆಚ್ಚಾಗಿ ಇಂಥ ಲೆಕ್ಕದಲ್ಲೇ. ಅದರ ಬದಲು ಹತ್ತಿರದ ಒಂದೇ ಬೀದಿಗೆ ಅಥವಾ ಒಂದೇ ಕೆರೆ ದಂಡೆಗೆ ವರ್ಷದಲ್ಲಿ ನಾಲ್ಕು ಸಲ ಹೋಗಿ. ನಾಲ್ಕು ಬೇರೆ ಬೇರೆ ಕಾಲ, ಬೇರೆ ಬೇರೆ ಹೊತ್ತು. ವರ್ಷದ ಕೊನೆಗೆ ಆ ನಾಲ್ಕರ ಫೋಟೋಗಳನ್ನು ಒಟ್ಟಿಗೆ ಹರಡಿ ನೋಡಿ. ಇದಕ್ಕೆ ಎಲ್ಲರ ಕ್ಯಾಮೆರಾ ಗಡಿಯಾರ ಸರಿ ಇರಲಿ, ಹೊರಡುವ ಮೊದಲು ಫೋನ್ ನೋಡಿ ಹೊಂದಿಸಿಕೊಳ್ಳಿ. ಹತ್ತು ಜನರ ಫೋಟೋ ಸಮಯದ ಪ್ರಕಾರ ಜೋಡಿಸಿದಾಗ ಒಂದೇ ನಿಮಿಷದಲ್ಲಿ ಹತ್ತು ಜನ ಏನೇನು ನೋಡುತ್ತಿದ್ದರು ಅನ್ನೋದು ಕಾಣುತ್ತದೆ. ಇದಕ್ಕಿಂತ ಸೊಗಸಾದ ಸಂಜೆ ಕ್ಲಬ್ಬಿನಲ್ಲಿ ನನಗೆ ಸಿಕ್ಕಿಲ್ಲ.

ಸ್ಪರ್ಧೆಯನ್ನು ಔಟಿಂಗ್‌ನಿಂದ ದೂರ ಇಡಿ. ಇವತ್ತಿನ ಬೆಸ್ಟ್ ಫೋಟೋ ಅಂತ ಅಲ್ಲೇ ಬಹುಮಾನ ಘೋಷಿಸಿದರೆ ಗೆದ್ದವರು ಒಬ್ಬರು, ಸುಮ್ಮನಾದವರು ಒಂಬತ್ತು ಜನ. ಸ್ಪರ್ಧೆಗೆ ಕಳಿಸೋಕೆ ಅಂತಲೇ ಒಬ್ಬರನ್ನು ಕರೆತಂದು, ಹೊಗೆ ಹಾಕಿ, ನಿಲ್ಲಿಸಿ, ಹತ್ತು ಜನ ಅದೇ ಕೋನದಿಂದ ತೆಗೆಯುವ ಔಟಿಂಗ್‌ಗಳೂ ಈಗ ಜಾಸ್ತಿ. ಹತ್ತು ಕಾರ್ಡಿನಲ್ಲಿ ಒಂದೇ ಫೋಟೋ. ಬೆಳಕು ಕಲಿಯೋಕೆ ಅದನ್ನು ಬೇರೆ ದಿನ ವರ್ಕ್‌ಶಾಪ್ ಅಂತ ಮಾಡಿ. ನಡಿಗೆಯ ದಿನ ಬೇಡ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಆ ಯುವತಿಯ ವಿಷಯಕ್ಕೆ ಬರುವ ಮೊದಲು ಒಂದು ಮಾತು, ಯಾಕಂದರೆ ಇದನ್ನು ಗಂಡಸರೇ ಹೆಚ್ಚಿರುವ ಕ್ಲಬ್ಬುಗಳಲ್ಲಿ ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಇಪ್ಪತ್ತು ಗಂಡಸರ ನಡುವೆ ಒಬ್ಬರೇ ಹೆಣ್ಣುಮಗಳು ಅಂದಾಗ ಎಲ್ಲರೂ ಅವರಿಗೇ ಕ್ಯಾಮೆರಾ ಹಿಡಿಯುವುದು ಹೇಗೆ ಅಂತ ಹೇಳಿಕೊಡಲು ಬರುತ್ತಾರೆ. ಇಲ್ಲದಿದ್ದರೆ ಹಾಗೇ ನಿಂತುಕೊಳ್ಳಿ ಅಂತ ಅವರದ್ದೇ ಫೋಟೋ ತೆಗೆಯಲು ಶುರು ಮಾಡುತ್ತಾರೆ. ಅವರು ಫೋಟೋ ತೆಗೆಯಲು ಬಂದವರು. ಸದಸ್ಯರ ಫೋಟೋ ತೆಗೆಯುವುದಾದರೂ ಕೇಳಿಯೇ ತೆಗೆಯಬೇಕು, ಎಲ್ಲೇ ಹಾಕುವುದಾದರೂ ಕೇಳಿಯೇ ಹಾಕಬೇಕು. ನಂಬರ್ ಅವರ ಒಪ್ಪಿಗೆ ಇಲ್ಲದೆ ಯಾರಿಗೂ ಕೊಡಬೇಡಿ. ವಾಕ್ ಎಷ್ಟು ಹೊತ್ತಿಗೆ ಎಲ್ಲಿ ಮುಗಿಯುತ್ತದೆ ಅಂತ ಮೊದಲೇ ತಿಳಿಸಿ. ಸಂಜೆಯ ವಾಕ್ ಆದರೆ ಬಸ್ಸೋ ರೈಲೋ ಸುಲಭವಾಗಿ ಸಿಗುವ, ಜನ ಓಡಾಡುವ ಜಾಗದಲ್ಲೇ ಮುಗಿಸಿ. ಜೊತೆಗೆ ಯಾರನ್ನಾದರೂ ಕರೆತರಬಹುದು ಅಂತ ಬರೆಯಿರಿ. ಇಷ್ಟಕ್ಕೇ ಎಷ್ಟೋ ಜನ ಧೈರ್ಯ ಮಾಡಿ ಬರುತ್ತಾರೆ.

ಎಲ್ಲಾ ಭೇಟಿಗೂ ಕ್ಯಾಮೆರಾ ಬೇಕಿಲ್ಲ. ಎರಡು ಮೂರು ತಿಂಗಳಿಗೊಮ್ಮೆ ಸುಮ್ನೆ ಸೇರಿ. ಯಾವುದಾದರೂ ಫೋಟೋ ಪ್ರದರ್ಶನಕ್ಕೆ ಒಟ್ಟಿಗೆ ಹೋಗಿ, ಒಬ್ಬೊಬ್ಬರೂ ಒಂದು ಚಿತ್ರ ಆರಿಸಿ ಅದರ ಮುಂದೆ ಪೂರ್ತಿ ಐದು ನಿಮಿಷ ನಿಲ್ಲಲಿ. ಐದು ನಿಮಿಷ ತುಂಬಾ ಉದ್ದ, ಮೊದಲ ಸಲ ಕಷ್ಟ ಆಗುತ್ತದೆ. ಯಾರದಾದರೂ ಮನೆಯಲ್ಲಿ ಪ್ರಿಂಟ್ ದಿನ ಇಡಿ, ಪ್ರತಿಯೊಬ್ಬರೂ ಒಂದು ಪ್ರಿಂಟ್ ತಂದು ಅದಲುಬದಲು ಮಾಡಿಕೊಳ್ಳಲಿ. ನನ್ನ ಗೋಡೆಯ ಮೇಲೆ ಇರುವ ಏಳು ಚಿತ್ರಗಳಲ್ಲಿ ಆರು ಇಂಥ ದಿನ ಬಂದವು.

ದಿನಾಂಕದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಯಾರಿಗೆ ಯಾವಾಗ ಆಗುತ್ತೆ ಅಂತ ಪ್ರತಿ ತಿಂಗಳು ಕೇಳುತ್ತಾ ಕೂರಬೇಡಿ. ತಿಂಗಳ ಎರಡನೇ ಭಾನುವಾರ ಅಂದರೆ ಎರಡನೇ ಭಾನುವಾರ, ಮೂರು ಜನ ಬಂದರೂ ಹೋಗಿ. ಎಲ್ಲವನ್ನೂ ನೀವೊಬ್ಬರೇ ಹೊರಬೇಡಿ, ಮೂರನೇ ಸಲ ಬಂದವರಿಗೆ ನಾಲ್ಕನೇ ವಾಕ್‌ನ ಮಾರ್ಗ ಆರಿಸಲು ಬಿಡಿ. ಅವರ ಮನೆ ಹತ್ತಿರದ ಗಲ್ಲಿಯೇ ಆಗಲಿ, ಅವರಿಗೆ ಗೊತ್ತಿರುವಷ್ಟು ನಿಮಗೆ ಗೊತ್ತಿರುವುದಿಲ್ಲ.

ಮಳೆಗೆ ರದ್ದು ಮಾಡಬೇಡಿ. ಸಿಡಿಲು, ನೆರೆ ಇದ್ದರೆ ಬೇರೆ ಮಾತು, ಆಗ ಮನೆಯಲ್ಲೇ ಇರಿ. ಸುಮ್ನೆ ಸುರಿಯುವ ಮಳೆಗೆ ಉದ್ದನೆಯ ಚಾವಣಿ, ಮಾರುಕಟ್ಟೆ ಕಟ್ಟಡ, ಬಸ್ ನಿಲ್ದಾಣ, ಇಂಥ ಒಂದು ಪರ್ಯಾಯ ಮಾರ್ಗ ಮೊದಲೇ ಇಟ್ಟುಕೊಳ್ಳಿ. ಒದ್ದೆ ರಸ್ತೆಯಲ್ಲಿ ದೀಪ ಎರಡೆರಡು ಕಾಣುತ್ತದೆ, ಬಣ್ಣ ಗಾಢವಾಗುತ್ತದೆ, ಕೊಡೆಗಳು ಬರುತ್ತವೆ. ಹನಿಗಳನ್ನು ಚುಕ್ಕಿಯಾಗಿ ನಿಲ್ಲಿಸಬೇಕಾದರೆ 1/1000 ಅಥವಾ ಅದಕ್ಕಿಂತ ವೇಗ, ಗೆರೆಯಾಗಿ ಬೇಕಾದರೆ 1/60ರ ಸುತ್ತಮುತ್ತ, ಹಿನ್ನೆಲೆ ಕಪ್ಪಾಗಿದ್ದು ಬೆಳಕು ಹಿಂದಿನಿಂದ ಬಂದರೆ ಎರಡೂ ಚೆನ್ನಾಗಿ ಕಾಣುತ್ತವೆ. ಕ್ಯಾಮೆರಾಗೆ ಒಂದು ದೊಡ್ಡ ಪ್ಲಾಸ್ಟಿಕ್ ಕವರ್, ಲೆನ್ಸ್ ತುದಿಗೆ ತೂತು ಮಾಡಿ ರಬ್ಬರ್ ಬ್ಯಾಂಡ್. ಹೊರಗೆ ಲೆನ್ಸ್ ಬದಲಾಯಿಸಬೇಡಿ. ಒಣ ಬಟ್ಟೆ ಎರಡು. ಮನೆಗೆ ಹೋದ ತಕ್ಷಣ ಒರೆಸಿ, ಬ್ಯಾಗಿನಿಂದ ಹೊರಗೆ ತೆಗೆದಿಟ್ಟು ಒಣಗಲು ಬಿಡಿ. ಒದ್ದೆ ಬ್ಯಾಗಿನಲ್ಲೇ ಮುಚ್ಚಿಟ್ಟರೆ ಲೆನ್ಸಿಗೆ ಫಂಗಸ್ ಹಿಡಿಯುತ್ತದೆ.

ಇನ್ನು ಎಲ್ಲಿಂದ ಶುರು ಮಾಡಲಿ ಅಂದಿರಲ್ಲ. ಆ ಯುವತಿಗೆ ಮತ್ತೆ ಆಹ್ವಾನದ ಮೆಸೇಜ್ ಕಳಿಸಬೇಡಿ, ಎಲ್ಲರಿಗೂ ಹೋಗುವ ಮೆಸೇಜ್‌ಗೆ ಯಾರೂ ಉತ್ತರ ಕೊಡಲ್ಲ. ಅವತ್ತು ನೀವು ತೆಗೆದ ಫೋಟೋಗಳಲ್ಲಿ ಮೂರು ನೋಡಬೇಕು ಅಂತ ಆಸೆ, ಅವತ್ತು ಕೇಳೋಕೆ ಮರೆತೆವು ಅಂತ ಅವರಿಗೊಬ್ಬರಿಗೇ ಬರೆಯಿರಿ. ಕಳಿಸಿದರೆ ನಿಧಾನವಾಗಿ ನೋಡಿ, ಏನು ಕಂಡಿತು ಅಂತ ನಾಲ್ಕು ಸಾಲು ಬರೆದು ಕಳಿಸಿ. ಮುಂದಿನ ವಾಕ್ ದಿನಾಂಕವನ್ನು ಅದರ ಕೆಳಗೆ ಹಾಕಿ.